ಹುಸೈನಬ್ಬನಿಗೆ ಹೀಟರ್ ಕೊಟ್ಟದ್ದು

ಮೀನಾ ಸಲ್ಮಾನ್ ಬಂದರಿನ ಬಳಿ ಕಾರ್ಮಿಕರ ಕ್ಯಾಂಪಿನಲ್ಲಿರುವ ಎ.ಸಿ. ಮೆಕ್ಯಾನಿಕ್ ಹುಸೈನಬ್ಬ ಇಪ್ಪತ್ತೆರಡು ವರ್ಷದಿಂದ ಬಹರೈನಿನವರಿಗೆ ತಂಪು ಹಂಚುತ್ತಿದ್ದಾನೆ. ಗಲ್ಫ್ ಎಂದರೆ ಬರೀ ಬೆಂಕಿ ಎಂದುಕೊಂಡ ಊರಿನವರಿಗೆ ಇಲ್ಲಿಯ ಜನವರಿ ಎಲ್ಲಿ ಗೊತ್ತು! ಸಮುದ್ರದ ಗಾಳಿ ತಗಡಿನ ಕೋಣೆಗೆ ನುಗ್ಗಿದರೆ ಹಲ್ಲು ಕಟಕಟ ಎನ್ನುತ್ತದೆ. ಹೋದ ಚಳಿಗಾಲದಲ್ಲಿ ಎದೆ ಕಟ್ಟಿ ಹದಿನೈದು ದಿನ ಮಲಗಿದ್ದ. ಇನ್ನೊಮ್ಮೆ ಹಾಗೆ ಮಲಗಿದರೆ ಊರಿನ ಟಿಕೆಟ್ಟೇ ಎಂದು ಮ್ಯಾನೇಜರ್ ನಗುನಗುತ್ತಲೇ ಹೇಳಿದ್ದ. ಮಗಳ ನರ್ಸಿಂಗ್ ಮುಗಿಯಲು ಇನ್ನೂ ಎರಡು ವರ್ಷವಿತ್ತು.

ಇತ್ತ ಉಳ್ಳವರ ಬಡಾವಣೆ ಜುಫೈರಿನ ಹದಿನಾಲ್ಕನೇ ಮಹಡಿಯಲ್ಲಿ ಊರಿನವರ ಸಂಘದ ಅಧ್ಯಕ್ಷ ಹರಿನಾಥರ ಕರುಳು ಚುರ್ ಎಂದಿತು. ಬಡ ಕಾರ್ಮಿಕರಿಗೆ ಕರೆಂಟ್ ಉಳಿಸುವ ಹೀಟರ್ ಕೊಡುವ ‘ಬೆಚ್ಚನೆ ಗೂಡು’ ಯೋಜನೆ ಹುಟ್ಟಿತು, ಚಂದಾ ಎತ್ತಿದರು. ಮೊದಲ ಫಲಾನುಭವಿಯಾಗಿ ಅವರ ಕಣ್ಣಿಗೆ ಬಿದ್ದದ್ದು ಮನೆಗೆ ಎ.ಸಿ. ರಿಪೇರಿಗೆ ಬಂದ ಹುಸೈನಬ್ಬ.

“ಹೀಟರ್ ಎಂತಕ್ಕೆ ಸಾರ್? ಕ್ಯಾಂಪಲ್ಲಿ ಬಿಡುದಿಲ್ಲ” ಎಂದ ಅವನು. “ಕಿಟಕಿ ಎ.ಸಿ.ಯ ಸುತ್ತ ಇಷ್ಟಗಲ ಒಟ್ಟೆ ಉಂಟು, ಗಾಳಿ ಬರುದೇ ಅಲ್ಲಿಂದ. ಹನ್ನೆರಡು ರೂಮಿನದ್ದು ಮುಚ್ಚಲಿಕ್ಕೆ ಸಾಮಾನು ಕೊಡಿಸಿ ಸಾಕು. ಕೆಲಸ ನಾನೇ ಮಾಡ್ತೇನೆ.”

“ಒಟ್ಟೆ ಮುಚ್ಚಿದ್ದನ್ನು ಸ್ಟೇಜಲ್ಲಿ ಹೇಗೆ ಕೊಡುದು ಮಾರಾಯಾ? ಹೀಟರಾದ್ರೆ ಹಿಡ್ಕೊಂಡು ಫೋಟೋ ತೆಗಿಲಿಕ್ಕಾಗ್ತದೆ!”

ನಮ್ಮವರ ದಾನಕ್ಕೆ ಶಾಲು, ಹಾರ, ಊರಿಂದೊಬ್ಬ ಮುಖ್ಯ ಅತಿಥಿ ಇಲ್ಲದಿದ್ದರೆ ಪುಣ್ಯ ಹತ್ತುವುದೇ ಇಲ್ಲವಲ್ಲ! ಹಾಲ್, ಬಿರಿಯಾನಿ, ಅತಿಥಿಯ ವಿಮಾನ ಎಲ್ಲ ಕಳೆದು ಚಂದಾದಲ್ಲಿ ಉಳಿದದ್ದಕ್ಕೆ ಬಂದದ್ದು ಒಂದೇ ಹೀಟರ್.

ಸಮಾರಂಭದ ದಿನ ಕೋಟು ತೊಟ್ಟವರು ಬೆವರಬಾರದೆಂದು ಹಾಲಿನ ಎ.ಸಿ.ಯನ್ನು ಜೋರಾಗಿಟ್ಟಿದ್ದರು. ಹುಸೈನಬ್ಬ ಸ್ವೆಟರ್ ಹಾಕಿಕೊಂಡೇ ಬಂದಿದ್ದ. ಹರಿನಾಥರು ಓಡಿ ಬಂದು ಕಿವಿಯಲ್ಲಿ, “ಅದನ್ನು ತೆಗಿ ಮಾರಾಯಾ, ಫೋಟೋದಲ್ಲಿ ಚಳಿ ಕಾಣುದು ಬೇಡ್ವಾ?” ಎಂದರು. ತೆಳ್ಳನೆ ಅಂಗಿಯಲ್ಲಿ ಎ.ಸಿ.ಯ ನೇರ ಕೆಳಗೆ ಎರಡು ಗಂಟೆ ಕೂತ. ಮುಖ್ಯ ಅತಿಥಿ ಬಡವರ ಚಳಿಯ ಬಗ್ಗೆ ಮುಕ್ಕಾಲು ಗಂಟೆ ಕೊರೆದರು. ಕೆಮ್ಮು ಒತ್ತಿಕೊಂಡು ಬಂತು. ಹೊದೆಸಿದ ಶಾಲನ್ನೇ ಬಾಯಿಗೆ ತುರುಕಿಕೊಂಡ. ಈ ದರಿದ್ರ ಹೀಟರಿನ ದೆಸೆಯಿಂದಲೇ ಟಿಕೆಟ್ ಆಗುತ್ತದೋ ಏನೋ ಎಂದು ಹೆದರಿಕೆಯಾಯಿತು.

ಕ್ಯಾಂಪಿನ ಗೇಟಿನಲ್ಲಿ ವಾಚ್‌ಮನ್ ನೌಫಲ್ ಪೆಟ್ಟಿಗೆ ಬಿಚ್ಚಿಸಿದ.

“ಹೀಟರ್ ಮಮ್ನೂ, ಕಾಕಾ, ಒಳಗೆ ಬಿಡ್ಲಿಕ್ಕಿಲ್ಲ. ಬೆಂಕಿ ಹಿಡಿದ್ರೆ ನನ್ನ ಕೆಲಸ ಹೋಗ್ತದೆ. ಬೇಕಾದ್ರೆ ಖಾಲಿ ಪೆಟ್ಟಿಗೆ ತಕ್ಕೊಂಡು ಹೋಗಿ.”

ಹುಸೈನಬ್ಬ ಖಾಲಿ ಪೆಟ್ಟಿಗೆ ಹೊತ್ತು ಒಳಗೆ ಹೋದ. ದಪ್ಪ ರಟ್ಟು, ಮೇಲೆ ಸಂಘದವರು ಅಂಟಿಸಿದ, ಕೈಮುಗಿದ ಹರಿನಾಥರ ಬಣ್ಣದ ಚಿತ್ರ. ಒಂದು ಕ್ಷಣ ನೋಡಿದ. ಆಮೇಲೆ ಚೂರಿ ತೆಗೆದು ಅಳತೆಗೆ ಕತ್ತರಿಸಿ, ಹರಿನಾಥರ ಮುಖ ಹೊರಗಿನ ಗಾಳಿಗೆ ಬರುವಂತೆ ಎ.ಸಿ.ಯ ಸುತ್ತ ಕೂರಿಸಿದ. ಸಂದಿಗೆ ಶಾಲು ತುರುಕಿ ಟೇಪು ಹೊಡೆದ. ಗಾಳಿ ನಿಂತಿತು. ಕೆಮ್ಮು ಎರಡೇ ದಿನಕ್ಕೆ ಬಿಟ್ಟಿತು, ಡ್ಯೂಟಿ ಒಂದು ದಿನವೂ ತಪ್ಪಲಿಲ್ಲ.

ವಾರ ಕಳೆದು ಹರಿನಾಥರ ಫೋನು ಬಂತು. “ಹೇಗುಂಟು ಹುಸೈನಬ್ಬ? ರೂಮು ಬೆಚ್ಚಗಾಯ್ತಾ? ವಾಟ್ಸಾಪಿಗೆ ಹಾಕ್ಲಿಕ್ಕೆ ಎರಡು ಮಾತು ಹೇಳು.”

“ಒಳ್ಳೆ ಬೆಚ್ಚಗುಂಟು ಸಾರ್” ಎಂದ ಹುಸೈನಬ್ಬ. “ಇನ್ನು ಹನ್ನೊಂದು ರೂಮುಂಟು. ಹೀಟರ್ ನೀವೇ ಇಟ್ಕೊಳ್ಳಿ, ಪೆಟ್ಟಿಗೆ ಮಾತ್ರ ಕಳಿಸಿ.”