ಹೆಂಡತಿಯ ಟೀ ಬಣ್ಣದ ಗೋಡೆ

ನಮ್ಮ ಟೈಲರ್‌ಗೆ ಬೀದಿಯ ಸೊಂಟಗಳೆಲ್ಲ ಬಾಯಿಪಾಠ. ಎದುರು ಸಿಕ್ಕವರನ್ನು "ಚೆನ್ನಾಗಿದ್ದೀರಾ?" ಎಂದು ಕೇಳುವ ಬದಲು "ಸ್ವಲ್ಪ ದಪ್ಪ ಆದ್ರಲ್ಲ" ಎಂದುಬಿಡುವ ಮನುಷ್ಯ. ಅಂಥವನಿಗೆ ಕಟ್ಟಿಕೊಂಡ ಹೆಂಡತಿ ಮಾಡುವ ಟೀ ಯಾವ ಬಣ್ಣದ್ದು ಎಂದು ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ?

ಗುಟ್ಟು ರಟ್ಟಾದದ್ದು ಗೋಡೆಯ ದೆಸೆಯಿಂದ. ಮುಂದೆ ಅಂಗಡಿ, ಹಿಂದೆ ಮನೆ. ಮನೆಯ ನಡುಕೋಣೆಗೆ ಮೊದಲಿನಿಂದಲೂ ಬಿಳಿ ಬಣ್ಣ. ಬದಲಾಯಿಸಿ ಎಂದು ಹೇಳಿ ಹೇಳಿ ಸಾಕಾದ ಹೆಂಡತಿ ಒಂದು ದಿನ ಚೀಲ ತುಂಬಿಕೊಂಡು ಅಕ್ಕನ ಮನೆಗೆ ಹೊರಟಳು.

"ಈ ಆಸ್ಪತ್ರೆ ವಾರ್ಡಲ್ಲಿ ನಾನಿರಲ್ಲ. ಬಣ್ಣ ಹೊಡೆಸಿ, ಆಮೇಲೆ ಬರ್ತೀನಿ. ಇಲ್ಲಾಂದ್ರೆ ಇಲ್ಲ."

"ಯಾವ ಬಣ್ಣ ಅಂತಾದ್ರೂ ಹೇಳೇ."

"ನಾನು ಮಾಡೋ ಟೀ ಬಣ್ಣ. ದಿನಾ ಕುಡಿತೀರಲ್ಲ, ಅಷ್ಟೂ ಗೊತ್ತಿಲ್ವಾ?"

ಗೊತ್ತು ಎಂದು ತಲೆಯಾಡಿಸಿದ. ಆಕೆ ಬೀದಿಯ ತಿರುವು ದಾಟಿದ ಮೇಲೆ ಮನೆ ಭಣಗುಟ್ಟತೊಡಗಿತು. ಅವನಿಗೆ ಹೆದರಿಕೆಯಾಯಿತು. ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ ಅದು. ಬೆಳಗಾಗುತ್ತಲೇ ಪೇಂಟರನ್ನು ಕರೆಸಿದ.

ಈ ಪೇಂಟರ್‌ನದೂ ಒಂದು ಹಟ. ಬಣ್ಣದ ಹೆಸರು ಹೇಳಿದರೆ ಅವನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಸ್ಯಾಂಪಲ್ ಕಣ್ಣ ಮುಂದೆ ಇರಬೇಕು, ಅದನ್ನು ನೋಡಿಯೇ ಕಲಸಬೇಕು.

"ಟೀ ಬಣ್ಣ ಅಂದ್ರೆ ಆಯ್ತಾ ಅಣ್ಣಾ? ಲೋಟ ತನ್ನಿ."

"ಮಾಡೋಳೇ ಇಲ್ವಲ್ಲಪ್ಪ. ಗಾಢವಾಗಿರುತ್ತೆ, ಒಳಗೆ ಸ್ವಲ್ಪ ಕೆಂಪು. ನೋಡಿದ್ರೇ ಬೆಚ್ಚಗನ್ನಿಸುತ್ತೆ."

"ನೀವು ಟೀ ಹೇಳ್ತಿದ್ದೀರೋ, ಕಂಬಳಿ ಹೇಳ್ತಿದ್ದೀರೋ?"

ಮಹಡಿಯ ಮೇಲಿನ ಅತ್ತಿಗೆಗೆ ಇದು ಕೇಳಿಸಿತು. "ಅವಳಿಗೆ ಟೀ ಮಾಡೋದು ಕಲಿಸಿದ್ದೇ ನಾನು" ಎನ್ನುತ್ತ ಲೋಟ ಹಿಡಿದು ಇಳಿದರು. ಪೇಂಟರ್ ಕಲಸಿ, ಗೋಡೆಯ ಮೇಲೆ ಅಂಗೈ ಅಗಲ ಬಳಿದ. ಟೈಲರ್ ಮೂಗು ಮುರಿದ. ಅತ್ತಿಗೆ ದುರುಗುಟ್ಟಿ ನೋಡಿ, "ಇನ್ಮೇಲೆ ನಿಮ್ಮಣ್ಣನ ಪ್ಯಾಂಟನ್ನ ಬೇರೆ ಕಡೆ ಹೊಲಿಸ್ತೀನಿ" ಎಂದು ಮೆಟ್ಟಿಲು ಹತ್ತಿದರು.

ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಬೀದಿಗೆ ಬೀದಿಯೇ ಟೀ ಹಿಡಿದು ಬಂತು. ಒಬ್ಬರದು ನೀರು ನೀರು, ಇನ್ನೊಬ್ಬರದು ಬರೀ ಹಾಲು. ಗೋಡೆಗೆ ಚರ್ಮರೋಗ ಬಂದಂತಾಯಿತು. ಗುಂಡಿ ಹಾಕಿಸಲು ಬಂದ ಪಾಪದವರನ್ನೂ ನಿಲ್ಲಿಸಿ ಯಾವುದು ಸರಿ ಎಂದು ಕೈ ಎತ್ತಿಸಿದರು. ಆ ಹೆಣ್ಣುಮಗಳ ಟೀಯನ್ನು ಅವರಲ್ಲಿ ಯಾರೂ ಕುಡಿದವರಲ್ಲ, ಆದರೂ ಎಲ್ಲರದೂ ಖಡಾಖಂಡಿತ ಅಭಿಪ್ರಾಯ. ಸ್ಯಾಂಪಲ್ ಚೆಲ್ಲಬಾರದು ಎಂದು ಪೇಂಟರ್ ಒಂದೊಂದು ಲೋಟವನ್ನೂ ತಾನೇ ಖಾಲಿ ಮಾಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಬ್ರಷ್ಷು ಗೋಡೆ ಬಿಟ್ಟು ಕಿಟಕಿಗೆ ಹೋಗತೊಡಗಿತು.

"ಅಣ್ಣಾ, ಇನ್ನೊಂದು ಲೋಟ ಕುಡಿದ್ರೆ ನಾನು ಉಳಿಯಲ್ಲ. ನೀವೇ ಒಂದ್ಸಲ ಮಾಡಿ ನೋಡಿ" ಎಂದು ಕೈ ಮುಗಿದ.

ಟೈಲರ್ ಜೀವಮಾನದಲ್ಲಿ ಮೊದಲ ಸಲ ಟೀಗೆ ಇಟ್ಟ. ಅಷ್ಟರಲ್ಲಿ ಯಾರೋ ಅಂಗಿ ತಂದರು. ಒಂದು ಹೊಲಿಗೆ ತಾನೇ ಎಂದು ಕೂತ. ಹೊಲಿಗೆ ಮುಗಿಸಿ ಓಡಿ ಬಂದರೆ ಟೀ ಕುದ್ದು ಕುದ್ದು ತಳ ಸೇರಿತ್ತು. ಬಗ್ಗಿ ನೋಡಿದವನು ಕೂಗಿಯೇಬಿಟ್ಟ: "ಇದೇ! ಇದೇ ಕಣಯ್ಯಾ ಅವಳ ಟೀ!"

ಸಂಜೆಯೊಳಗೆ ನಾಲ್ಕೂ ಗೋಡೆ ಗಾಢ ಕಂದು. ದೀಪ ಹಾಕಿದರೆ ಕೋಣೆ ಹತ್ತಿರ ಬಂದು ಕೂತಂತಿತ್ತು. "ಕೋಣೆ ಚಿಕ್ಕದಾಗಿ ಕಾಣುತ್ತಲ್ಲಾ" ಎಂದು ಪೇಂಟರ್ ಕೊರಗಿದ. "ಕಾಣಲಿ ಬಿಡು, ಇರೋದು ಇಬ್ಬರು" ಎಂದ ಟೈಲರ್. ಹಾಗೆ ಹೇಳಿದವನೇ ಹೆಂಡತಿಯ ಅಕ್ಕನ ಮನೆಗೆ ಫೋನ್ ಮಾಡಿದ.

ಮರುದಿನ ಆಕೆ ಬಂದಳು. ಚೀಲ ಹೆಗಲಿನಿಂದ ಇಳಿಸದೆ ಒಂದೊಂದೇ ಗೋಡೆಯನ್ನು ನೋಡಿದಳು.

"ಇದು ಯಾರ ಟೀ?"

"ನಿನ್ನದೇ ಕಣೇ."

"ನನ್ನದಲ್ಲ. ನಾನು ಇಳಿಸೋವಾಗ ಟೀ ತಿಳಿಯಾಗಿರುತ್ತೆ. ಕರೀತೀನಿ, ಬಂದೆ ಅಂತೀರಿ, ಬರಲ್ಲ. ಆರುತ್ತಲ್ಲಾ ಅಂತ ಮತ್ತೆ ಒಲೆ ಮೇಲಿಡ್ತೀನಿ. ಮತ್ತೆ ಕರೀತೀನಿ. ನೀವು ಎದ್ದು ಬರೋಷ್ಟರಲ್ಲಿ ಅದು ಈ ಬಣ್ಣಕ್ಕೆ ಬಂದಿರುತ್ತೆ. ನಾನು ಮಾಡಿದ ಟೀನ ನೀವು ಒಂದು ದಿನಾನೂ ಕುಡಿದಿಲ್ಲ ರೀ."

ಟೈಲರ್‌ಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಮತ್ತೆ ಹೊಡೆಸ್ತೀನಿ. ಈಗಲೇ ಕರೆಸ್ತೀನಿ ಅವನನ್ನ" ಎಂದು ತೊದಲಿದ.

"ಬೇಡ. ಇರಲಿ. ನಿಮ್ಮ ಕಣ್ಣೆದುರಿಗೇ ಇರಲಿ" ಎಂದವಳು ಚೀಲ ಇಳಿಸಿ ಅಡುಗೆಮನೆಗೆ ಹೋದಳು.

ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದ. ಟೈಲರ್ ಟೇಪು ಸುತ್ತಿ ಅಳತೆ ಹಿಡಿಯುವ ಹೊತ್ತಿಗೆ ಒಳಗಿನಿಂದ "ರೀ, ಟೀ" ಎಂದು ಕೂಗು ಬಂತು. ಅವನು ಟೇಪನ್ನು ಗಿರಾಕಿಯ ಸೊಂಟದಲ್ಲೇ ಬಿಟ್ಟು ಒಳಗೆ ನಡೆದ. ಗಿರಾಕಿ ಎರಡೂ ಕೈ ಮೇಲೆತ್ತಿಕೊಂಡೇ ನಿಂತಿದ್ದ.

ಲೋಟದಲ್ಲಿ ತಿಳಿ ಕಂದು ಬಣ್ಣದ ಏನೋ ಇತ್ತು, ಅವನು ಎಂದೂ ನೋಡದ್ದು. ಒಂದು ಗುಟುಕು ಹೀರಿದ. ನಾಲಿಗೆ ಸುಟ್ಟುಹೋಯಿತು. ಹೆಂಡತಿ ಎದುರಿಗೇ ಕೂತು ನೋಡುತ್ತಿದ್ದಳು, ಹಾಗಾಗಿ ಲೋಟ ಕೆಳಗಿಡದೆ ಪೂರ್ತಿ ಕುಡಿದ.