ಇಪ್ಪತ್ತು ಹೆಜ್ಜೆ ಹಿಂದೆ

ಸವಣೂರಿಗೆ ವರ್ಗವಾಗಿ ಬಂದ ಹೊಸದರಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಹಾದಿ, ಬಾಡಿಗೆ ಮನೆಯಿಂದ ದನದ ದವಾಖಾನೆಗೆ. ಅಲ್ಲಿ ನಾನು ಕಂಪೌಂಡರ್. ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಹದಿನಾರು ವರ್ಷ ಚಿಕ್ಕೇರೂರಿನಲ್ಲಿದ್ದವನು, ವರ್ಗದ ಕಾಗದ ಕೈಗೆ ಬಂದಾಗ ಯಾವ ಊರೆಂದು ಓದದೆಯೇ ಸಹಿ ಹಾಕಿದ್ದೆ. ದುಃಖ ಅನ್ನಬೇಕೆಂದರೆ ದುಃಖವೂ ಇರಲಿಲ್ಲ. ಉಣ್ಣುತ್ತಿದ್ದೆ, ಎಮ್ಮೆಗಳಿಗೆ ಸೂಜಿ ಚುಚ್ಚುತ್ತಿದ್ದೆ, ಮಲಗುತ್ತಿದ್ದೆ. ಅಳದ ಗಂಡಸು ಗಟ್ಟಿ ಎಂದು ಬಂಧುಗಳು ಹೊಗಳಿದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಏನೂ ಆಗುತ್ತಿರಲಿಲ್ಲ, ಅಷ್ಟೇ.

ಮಗಳು ಪಿಯುಸಿ ಮೊದಲ ವರ್ಷ. ಗಣಿತದ ಟ್ಯೂಷನ್ ಊರಿನ ಆ ತುದಿಗೆ, ಬಿಡುವುದು ಸಂಜೆ ಏಳಕ್ಕೆ. ಚಳಿಗಾಲವಾದ್ದರಿಂದ ಆರೂವರೆಗೇ ಕತ್ತಲು. ಹೋಗುವಾಗ ಬೆಳಕಿರುತ್ತಿತ್ತು. ಬರುವಾಗ ನಮ್ಮ ದಿಕ್ಕಿಗೆ ಬರುವವಳು ಇವಳೊಬ್ಬಳೇ.

ಒಂದು ಸಂಜೆ ನಾನೊಬ್ಬನೇ ಹೋಗಿ ಹಾದಿ ನೋಡಿಕೊಂಡು ಬಂದೆ. ಹತ್ತಿರದ ಹಾದಿ ಹಳೆಯ ಗೋಡೆಯೊಂದರ ಪಕ್ಕದಲ್ಲಿತ್ತು, ಲೈಟಿನ ಕಂಬಗಳಿದ್ದವು, ಲೈಟು ಇರಲಿಲ್ಲ. ಸುತ್ತಿನ ಹಾದಿ ವೀಳ್ಯದೆಲೆ ವ್ಯಾಪಾರಿಗಳ ಓಣಿಯೊಳಗಿಂದ ಹೋಗುತ್ತಿತ್ತು. ಅಲ್ಲಿ ಹಿಟ್ಟಿನ ಗಿರಣಿ ಎಂಟರ ತನಕ ತೆರೆದಿರುತ್ತದೆ, ಕಟ್ಟೆಗಳ ಮೇಲೆ ಹೆಂಗಸರು ಎಲೆ ಎಣಿಸಿ ಕಟ್ಟು ಕಟ್ಟುತ್ತ ಕೂತಿರುತ್ತಾರೆ. ಮನೆಗೆ ಬಂದು ಮಗಳಿಗೆ ಹೇಳಿದೆ, "ಹತ್ರದ ಹಾದಿ ಬ್ಯಾಡವಾ. ಗಿರಣಿ ಮುಂದಿಂದ ಬರೋಣು. ಮಂದಿ ಇರ್ತಾರ."

ಮೊದಲ ಎರಡು ದಿನ ಜೋಡಿಯಾಗಿಯೇ ಬಂದೆವು. ಟ್ಯೂಷನ್ನಿನ ಬಾಗಿಲಲ್ಲಿ ಯಾರದೋ ತಾಯಿ ಕೇಳಿದಳು, "ನಿಮ್ಮವ್ವ ಬರಂಗಿಲ್ಲೇನು?" ಗಿರಣಿಯವನ ಹೆಂಡತಿ ಕೇಳಿದಳು, "ಅವ್ವ ಊರಾಗ ಅದಾರೇನು?" ಮಗಳು ಚಪ್ಪಲಿ ನೋಡುತ್ತ ನಿಂತಳು. ನಾನು ಹೂಂ ಅಂದೆನೋ ಉಹೂಂ ಅಂದೆನೋ, ನೆನಪಿಲ್ಲ. ಮನೆಗೆ ಬಂದ ಮೇಲೆ ಅವಳು ಅಂದಳು, "ಅಪ್ಪಾ, ನೀ ಜೋಡಿ ಬರಬ್ಯಾಡ. ನಾ ಒಬ್ಬಾಕಿನ ಬಂದ್ರ ಯಾರೂ ಕೇಳಂಗಿಲ್ಲ."

"ಕತ್ತಲ ಇರ್ತೈತಲ್ಲವಾ."

"ಹಂಗಾರ ಹಿಂದ ಬಾ. ದೂರ."

ಇಪ್ಪತ್ತು ಹೆಜ್ಜೆ ಎಂದು ಗೊತ್ತು ಮಾಡಿಕೊಂಡೆವು. ಅವಳು ನಡೆದರೆ ನಾನು ನಡೆಯುವುದು, ಅವಳು ನಿಂತರೆ ನಾನು ನಿಲ್ಲುವುದು. ಮೊದಲೆರಡು ದಿನ ಬರಿದಲೆಯಲ್ಲಿ ಬಂದಿದ್ದವನು ಈಗ ಚಳಿಗೆ ಮಂಕಿ ಟೋಪಿ ಹಾಕಿಕೊಳ್ಳುತ್ತಿದ್ದೆ, ಕಣ್ಣು ಮೂಗು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹೊಸ ಓಣಿಯಲ್ಲಿ ಓಡಾಡುವವನು ಕಟ್ಟೆಯ ಮೇಲೆ ಕೂತವರಿಗೆ ತಾನು ಯಾರು ಎಂದು ಹೇಳಿಡಬೇಕು, ಇದು ನಮ್ಮ ಕಡೆ ಕೂಸಿಗೂ ಗೊತ್ತು. ಹೆಂಡತಿ ಇದ್ದಿದ್ದರೆ ಮೊದಲ ದಿನವೇ ಆ ಕಟ್ಟೆಯ ಮೇಲೆ ಕೂತು, ನೀರು ಕೇಳಿ ಕುಡಿದು, ನಮ್ಮ ಮೂರು ತಲೆಮಾರಿನ ಪುರಾಣ ಬಿಚ್ಚಿ, ಅವರದನ್ನೂ ಕೇಳಿಕೊಂಡು ಬರುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಮುಂದಿನ ಪ್ರಶ್ನೆ ಯಾವುದೆಂದು ಗೊತ್ತಿತ್ತು.

ಎಂಟು ದಿನ ಹಾಗೇ ನಡೆಯಿತು. ಒಂಬತ್ತನೆಯ ದಿನ, ಗಿರಣಿ ದಾಟಿದ ಮೇಲೆ, ಮಗಳು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದಳು. ನಾನು ಕಂಬದ ಮರೆಗೆ ನಿಂತೆ. ಅವಳು ಹೊರಟಳು, ನಾನೂ ಹೊರಟೆ.

"ಏಯ್, ನಿಂದ್ರು!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಏನೂ ಕದ್ದಿರಲಿಲ್ಲ, ಆದರೂ ಟೋಪಿ ಮುಟ್ಟಿ ನೋಡಿಕೊಂಡೆ. ಎಲೆ ವ್ಯಾಪಾರದ ಹಿರಿಯರು, ಓಣಿಯವರೆಲ್ಲ ಚಾಚಾ ಎನ್ನುವವರು, ಕಟ್ಟೆಯಿಂದ ಇಳಿದು ಬಂದು ನನ್ನ ಮಣಿಕಟ್ಟು ಹಿಡಿದರು. ಬಿಳಿ ಗಡ್ಡದ ಮುದುಕ, ಹಿಡಿತ ಮಾತ್ರ ಇಕ್ಕಳ.

"ಎಂಟು ದಿನದಿಂದ ನೋಡಾಕತ್ತೇನಿ. ಆ ಹುಡುಗಿ ನಡದ್ರ ನಡೀತಿ, ನಿಂತ್ರ ನಿಲ್ತಿ. ಮಾರಿ ಮುಚ್ಕೊಂಡು ಯಾಕ ಬೆನ್ನು ಹತ್ತೀದಿ?"

"ನನ್ನ ಮಗಳ್ರೀ."

"ಮಗಳಂತ ಮಗಳು! ಮಗಳಾದ್ರ ಜೋಡಿ ನಡ್ಯಾಕ ಏನು ಧಾಡಿ ನಿನಗ?"

ಇದಕ್ಕೆ ಉತ್ತರವಿತ್ತು. ಆದರೆ ಅದನ್ನು ಹೇಳಬೇಕೆಂದರೆ ಹತ್ತು ಜನರ ನಡುವೆ ಅವಳ ಅವ್ವನ ಸುದ್ದಿ ತೆಗೆಯಬೇಕು. ಅದು ಬೇಡವೆಂದೇ ಹುಡುಗಿ ನನ್ನನ್ನು ಹಿಂದೆ ಬಿಟ್ಟಿದ್ದಳು. ಸುಮ್ಮನಿದ್ದವನು ಕಳ್ಳನೇ ಎಂದು ಇನ್ನೂ ನಾಲ್ವರು ಬಂದು ಸುತ್ತ ನಿಂತರು. ಒಬ್ಬ ನನ್ನ ಟೋಪಿ ಕಿತ್ತು ನೆಲಕ್ಕೆ ಒಗೆದ, ಇನ್ನೊಬ್ಬ ಕೈ ಎತ್ತಿದ. ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಹೊಡೆದರೆ ಹೊಡೆಯಲಿ ಎಂದು ನಿಂತುಕೊಂಡೆ.

ಕಟ್ಟೆಯ ಮೇಲಿನ ಹೆಂಗಸೊಬ್ಬಳು ಮಡಿಲಲ್ಲಿದ್ದ ಎಲೆ ಬದಿಗಿಟ್ಟು ಎದ್ದಳು. "ಕೈ ಇಳಸ್ರಿ. ಹುಡುಗೀನ್ನ ಕೇಳ್ರಿ ಮೊದಲ," ಎಂದು ಮುಂದೆ ಹೋಗಿ ಮಗಳನ್ನು ಕರೆತಂದಳು.

"ಹೆದರಬ್ಯಾಡ ಬೇಟಿ," ಅಂದರು ಚಾಚಾ. "ಇಂವ ಯಾರು? ಗೊತ್ತದಾನೇನು?"

ಮಗಳು ನನ್ನ ಮುಖ ನೋಡಿದಳು. ಅಪ್ಪ ಎಂದು ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ, ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆ ಬರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಗೊತ್ತಿಲ್ಲ ಅಂದುಬಿಡು ನನ್ನವ್ವಾ, ನಾಲ್ಕು ಏಟು ತಿಂದು ಆಮೇಲೆ ಮನೆಗೆ ಬರುತ್ತೇನೆ ಎಂದು ಮನಸ್ಸಿನಲ್ಲೇ ಅಂದೆ. ಸತ್ಯವಾಗಿಯೂ ಹಾಗೇ ಅಂದುಕೊಂಡೆ.

"ನಮ್ಮಪ್ಪ ರೀ. ಕೈ ಬಿಡ್ರಿ."

ಚಾಚಾ ಬಿಟ್ಟರು. ಹೆಂಗಸು ಮೆಲ್ಲಗೆ ಕೇಳಿದಳು, "ಹಂಗಾರ ಅಪ್ಪಾ ಮಗಳು ಇಷ್ಟು ದೂರ ದೂರ ಯಾಕ ನಡೀತೀರವಾ?"

"ನಮ್ಮವ್ವ ಸತ್ತಾಳ್ರಿ," ಅಂದಳು ಮಗಳು. ಶಾಲೆಯಲ್ಲಿ ಪಾಠ ಒಪ್ಪಿಸುವವಳಂತೆ ದೊಡ್ಡ ದನಿಯಲ್ಲಿ ಅಂದಳು. "ನಾಕ್ ತಿಂಗಳಾತು. ಅಪ್ಪನ ಜೋಡಿ ಬಂದ್ರ ಎಲ್ಲಾರೂ ಅವ್ವ ಎಲ್ಲಿ ಅಂತ ಕೇಳ್ತಾರ. ಅದಕ್ಕ ನಾನ ದೂರ ಬಾ ಅಂದಿದ್ದೆ. ಅಪ್ಪನ ತಪ್ಪಿಲ್ಲ."

ಕೈ ಎತ್ತಿದ್ದವನು ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಚಾಚಾ ಬಗ್ಗಿ ಟೋಪಿ ಎತ್ತಿ, ಧೂಳು ಕೊಡವಿ, ಎರಡೂ ಕೈಯಿಂದ ನನಗೆ ಕೊಟ್ಟರು. "ತಪ್ಪಾತ್ರಿ, ಮಾಫ್ ಮಾಡ್ರಿ," ಅಂದರು. ಆಮೇಲೆ ಮಗಳ ಕಡೆ ತಿರುಗಿ, "ಇನ್ನ ಈ ಓಣ್ಯಾಗ ನಿನ್ನ ಯಾರೂ ಏನೂ ಕೇಳಂಗಿಲ್ಲ ಬೇಟಿ. ಅಪ್ಪನ ಜೋಡಿ ಹೋಗು," ಅಂದರು.

ಜೋಡಿಯಾಗಿ ನಡೆದೆವು. ಸತ್ತಳು ಎಂಬ ಮಾತನ್ನು ನಾನು ಅದುವರೆಗೆ ಒಮ್ಮೆಯೂ ಆಡಿರಲಿಲ್ಲ. ಕಚೇರಿಯ ಅರ್ಜಿಯಲ್ಲಿ ನಿಧನ ಎಂದು ಬರೆದಿದ್ದೆ, ಬಂಧುಗಳ ಮುಂದೆ ಹೋದಳು ಅನ್ನುತ್ತಿದ್ದೆ. ಆಡಬೇಕಾದ ಮಾತನ್ನು ನುಂಗಿಕೊಂಡು ನಿಂತು, ನನ್ನ ಕೈ ಬಿಡಿಸಲು ಅದನ್ನು ಹದಿನಾರರ ಕೂಸಿನ ಬಾಯಿಂದ ನಡುಬೀದಿಯಲ್ಲಿ ಆಡಿಸಿದ್ದೆ. ನನಗೆ ನಾಚಿಕೆಯಾಯಿತು. ಆ ನಾಲ್ಕು ತಿಂಗಳಲ್ಲಿ ನನಗೆ ಏನಾದರೂ ಆದದ್ದು ಅದೇ ಮೊದಲು.