ಗುಲಾಮನಿಗೆ ಮೂರು ಪಾಯಿಂಟು

ಹಳೆಯ ಇಸ್ಪೀಟು ಎಲೆಗಳಿಗೂ ವಾಸನೆ ಇರುತ್ತದೆ. ನಮ್ಮ ದಾದಿಯ, ಅಂದರೆ ಅಪ್ಪನ ಅಮ್ಮನ, ಎಲೆಕಟ್ಟಿಗೆ ಮೆಂತ್ಯ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ. ನನ್ನ ಗುಂಗುರು ತಲೆಗೆ ಎಣ್ಣೆ ತಿಕ್ಕಿದ ಕೈಯಲ್ಲೇ ಅವರು ಎಲೆ ಹಂಚುತ್ತಿದ್ದರು. ಕುಣಿಗಲ್ಲಿನ ಆ ಮನೆಯಿಂದ ನನ್ನ ಪಾಲಿಗೆ ಉಳಿದದ್ದು ಈ ಕಟ್ಟು ಒಂದೇ. ಮೊನ್ನೆ ಅದನ್ನಿಟ್ಟ ಡಬ್ಬಿಯ ಮುಚ್ಚಳ ತೆಗೆದೆ. ದಾದಿ ಪಕ್ಕದಲ್ಲಿ ಬಂದು ಕೂತ ಹಾಗಾಯಿತು.

ತೊಂಬತ್ತರ ದಶಕದ ಬೇಸಿಗೆ ರಜೆಗಳು. ತುಮಕೂರಿನ ಶೆಟ್ಟಿಹಳ್ಳಿಯಿಂದ ನಾನೂ ತಮ್ಮ ಸಲೀಮನೂ ಕುಣಿಗಲ್ ಬಸ್ಸು ಹತ್ತಿದರೆ ದಾರಿಯುದ್ದಕ್ಕೂ ಒಂದೇ ಜಗಳ, ಆಟದಲ್ಲಿ ದಾದಿಗೆ ಜೋಡಿ ಯಾರು ಅಂತ. ಮಧ್ಯಾಹ್ನದ ನಮಾಜು ಮುಗಿಸಿ ದಾದಿ ಚಾಪೆ ಹಾಸುವರು. ಪಕ್ಕದ ಮನೆಯ ಗಂಗಕ್ಕ ಹಣೆ ತುಂಬ ವಿಭೂತಿ ಇಟ್ಟುಕೊಂಡು ಹಿಂಬಾಗಿಲಿಂದ ಬರುವರು. ಆಟ ಇಪ್ಪತ್ತೆಂಟು. ಅದರಲ್ಲಿ ರಾಜನಿಗೂ ರಾಣಿಗೂ ಪಾಯಿಂಟೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಎಲೆ ಗುಲಾಮ, ಮೂರು ಪಾಯಿಂಟು. ದಾದಿ ಅವನನ್ನು ಸುಮ್ಮನೆ ಇಳಿಸಿದ್ದೇ ಇಲ್ಲ. ಬಳೆ ಗಲ್ಲೆನ್ನುವಂತೆ ಕೈ ಎತ್ತಿ ಚಾಪೆಗೆ ಬಡಿದು, "ಬಂದ ನೋಡ್ರೋ ನಮ್ಮ ಮುತ್ತಾತ!" ಎಂದು ಕೂಗುವರು. ನಾವು ಕುಣಿಯುತ್ತಿದ್ದೆವು. ಯಾಕೆಂದರೆ ಅದರ ಹಿಂದೆಯೇ ಕಥೆ ಬರುತ್ತಿತ್ತು. ದಾದಿಯ ವಂಶದ ಹಿರಿಯನ ಹೆಸರು ಗುಲಾಮ್. ಆಫ್ರಿಕಾದ ಹಬಶ್ ದೇಶದವನು. ಹಡಗಿನ ತುಂಬ ಕುದುರೆ ತುಂಬಿಕೊಂಡು, ತಾನೇ ಯಜಮಾನನಾಗಿ ಸಮುದ್ರ ದಾಟಿ ಬಂದ. ಯಾರಿಗೂ ಬಗ್ಗದ ಬಿಳಿ ಕುದುರೆಯ ಮೇಲೆ ದೊರೆಯ ಎದುರೇ ಹಾರಿ ಕೂತ.

"ಏನ್ ಬೂಬಮ್ಮ, ಹೋದ್ ಸಲ ಕರೀ ಕುದ್ರೆ ಅಂದಿದ್ರಿ?" ಗಂಗಕ್ಕ ಎಲೆಯಿಂದ ಕಣ್ಣೆತ್ತದೆ ಕೇಳುವರು.

"ಕೆರೇಲಿ ಮೈ ತೊಳೆದ ಕಣೇ, ಬೆಳ್ಳಗಾಯ್ತು. ನೀನ್ ಎಲೆ ಹಾಕು."

ಆ ಕಥೆಯನ್ನು ನಾನು ಐದನೇ ಕ್ಲಾಸಿನಲ್ಲಿ ಹೇಳಿದೆ. ನಿಮ್ಮ ಮನೆ ಹಿರಿಯರ ಬಗ್ಗೆ ಹೇಳಿ ಎಂದು ಮಿಸ್ ಕೇಳಿದಾಗ ಮೊದಲು ಎದ್ದವಳು ನಾನೇ. ಹಡಗು, ಕುದುರೆ, ದೊರೆ, ಏದುಸಿರು ಬಿಡುತ್ತ ಎಲ್ಲ ಹೇಳಿ ಕೊನೆಗೆ ಹೆಸರು ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಲೇ, ಗುಲಾಮ ಅಂದ್ರೆ ಕೊಂಡ್ಕೊಂಡ್ ಬಂದಿರೋ ಆಳು ಕಣೇ!" ಎಂದ. ಕ್ಲಾಸೆಲ್ಲ ನಕ್ಕಿತು. ಅಷ್ಟು ವರ್ಷ ಎಲೆ ಆಡಿದ್ದರೂ ಆ ಮಾತಿಗೆ ಅರ್ಥವಿದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಮುಂದಿನ ರಜೆಯಲ್ಲಿ ನಾನು ಚಾಪೆಯ ಮೇಲೆ ಕೂರಲಿಲ್ಲ. ಗೋಡೆಗೆ ಒರಗಿ ನಿಂತು ಕೇಳಿದೆ. "ದಾದಿ, ಗುಲಾಮ್ ಅನ್ನೋದು ಅವನ ಹೆಸರಾ?"

ದಾದಿ ಎಲೆ ಕಲಸುವುದನ್ನು ನಿಲ್ಲಿಸಿದರು. ಗಂಗಕ್ಕ ಏಳಲು ಹೋದರು. ದಾದಿ ಅವರ ಸೆರಗು ಹಿಡಿದು ಕೂರಿಸಿದರು.

"ಅಲ್ಲ ಬೇಟಿ. ಹೆಸರು ಯಾರಿಗೂ ಗೊತ್ತಿಲ್ಲ. ಹಡಗಿಂದ ಇಳಿಸಿ ಮಾರಿದ್ರಂತೆ. ಕೊಂಡವ್ರು ಗುಲಾಮ ಅಂತ ಕರೆದ್ರು. ಅದೇ ಹೆಸರಾಗೋಯ್ತು. ನಾನೂ ನಿನ್ನಷ್ಟಿದ್ದಾಗ ನನ್ನ ದಾದೀನ ಹಿಂಗೇ ಕೇಳ್ದೆ. ಕೇಳೋವರ್ಗೂ ಹೇಳ್ಬಾರ್ದು, ಕೇಳಿದ್ರೆ ಬಚ್ಚಿಡ್ಬಾರ್ದು. ನಮ್ಮಲ್ಲಿ ಹಂಗೆ."

"ಕುದುರೆ?"

"ಇತ್ತು. ಲಾಯದಲ್ಲಿ ಅದರ ಪಕ್ಕಾನೇ ಮಲಗ್ತಿದ್ದ. ಬಣ್ಣ ಮಾತ್ರ ನಂಗೊತ್ತಿಲ್ಲ, ಅದಕ್ಕೇ ಬದಲಾಯಿಸ್ತಿದ್ದೆ." ಎಲೆಗಳನ್ನು ಸವರುತ್ತ, "ಅವನಿಗೆ ನಾನು ಕೊಡೋಕಾಗಿದ್ದು ಅಷ್ಟೇ" ಎಂದರು.

ಗಂಗಕ್ಕ ಕಣ್ಣೊರೆಸಿಕೊಂಡು, "ಕೂತ್ಕೊಳೇ, ನಾಕ್ ಜನ ಇಲ್ದೆ ಆಟ ಆಗಲ್ಲ" ಎಂದು ನನ್ನ ಕೈ ಎಳೆದರು. ಕೂತೆ. ಅವತ್ತು ಇಸ್ಪೇಟ್ ಗುಲಾಮ ನನ್ನ ಕೈಗೇ ಬಂದ. ದಾದಿಗಿಂತ ಜೋರಾಗಿ ಬಡಿದು ಕೂಗಿದೆ. ಸಲೀಮ ಬೆಚ್ಚಿ ಎಲೆ ಚೆಲ್ಲಿಬಿಟ್ಟ.

ಈಗ ಆ ಮನೆಯ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಗಂಗಕ್ಕ ಮೊದಲು ಹೋದರು, ಎರಡು ವರ್ಷಕ್ಕೆ ದಾದಿ. ಮೊನ್ನೆ ಡಬ್ಬಿ ತೆಗೆದಾಗ ನನ್ನ ಗುಂಗುರು ಕೂದಲಿನ ಮಗಳು ಇಸ್ಪೇಟ್ ಗುಲಾಮನನ್ನು ಎತ್ತಿಕೊಂಡಳು. ಬಡಿದೂ ಬಡಿದೂ ಅವನ ಮುಖ ಸವೆದುಹೋಗಿದೆ. ನಾನು ಕಥೆ ಹೇಳಿದೆ, ಹಡಗು, ದೊರೆ ಎಲ್ಲ. ಹೆಸರಿನ ಬಗ್ಗೆ ಅವಳು ಕೇಳಲಿಲ್ಲ. ಒಂದು ದಿನ ಕೇಳುತ್ತಾಳೆ.

"ಅಮ್ಮೀ, ಕುದುರೆ ಯಾವ ಬಣ್ಣ?" ಎಂದಳು.

ತಪ್ಪು ಹಿಡಿಯಲು ಗಂಗಕ್ಕ ಇರಲಿಲ್ಲ. ಬಿಳೀದು ಎಂದೆ.